ಹಾಳೆಯ ಹಿಂದೆ ಜೈನಬಮ್ಮ ಬರೆದದ್ದು

ಊರೆಲ್ಲ ಬಾಗಿಲು ತೆರೆಯುವ ಹೊತ್ತಿಗೆ ಜೈನಬಮ್ಮ ತಮ್ಮ ಮನೆಯ ಬಾಗಿಲು ಮುಚ್ಚುತ್ತಾರೆ. ಬೆಳಗಿನ ಆರು ಗಂಟೆ. ಪೂರ್ವದ ಕಿಟಕಿಯ ಕೆಳಗೆ ಚಾಪೆ ಹಾಸಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಕೂರುತ್ತಾರೆ. ಪುತ್ತೂರಿನ ಯಾವ ಓಣಿಗೆ ಹೋದರೂ ಈ ಹೊತ್ತಿಗೆ ಹೀಗೆ ಮೊರ ಇಟ್ಟು ಕೂತ ಹೆಂಗಸರು ಕಾಣುತ್ತಾರೆ, ಬೀಡಿ ಎಲೆ ಕತ್ತರಿಸುವವರು. ಜೈನಬಮ್ಮನ ಕೈಯಲ್ಲಿರುವುದೂ ಬೀಡಿ ಕತ್ತರಿಯೇ. ಮೊರದಲ್ಲಿ ಮಾತ್ರ ಎಲೆ ಇಲ್ಲ, ಫೋಟೋ ಇದೆ.

"ಹತ್ತು ಗಂಟೆ ಆದ್ರೆ ಗಾಳಿ ಸುರು ಆಗ್ತದೆ. ಒಂದು ತುಂಡು ಹಾರಿ ಹೋದ್ರೆ ಮತ್ತೆ ಎಲ್ಲಿ ಹುಡುಕುದು? ಒಮ್ಮೆ ಕೋಳಿ ನುಂಗಿತು ಮಾರಾಯ್ರೆ. ನಾಲ್ಕನೇ ನಂಬ್ರದ್ದು. ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದೆ, ಕೋಳಿ ತಿಂದಿದೆ, ಇನ್ನೊಂದು ಫೋಟೋ ಕೊಡಿ ಅಂತ. ಅಲ್ಲಿ ಎಲ್ಲ ನೆಗಾಡಿದ್ರಂತೆ."

ಫೋಟೋದಲ್ಲಿರುವುದು ಯಾರದೋ ರಕ್ತದ ಒಂದೇ ಒಂದು ಕಣ. ಇಬ್ಭಾಗವಾಗಲು ಹೊರಟ ಕ್ಷಣದಲ್ಲಿ ಅದನ್ನು ತಡೆದು, ಒಡೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಮೂಲಕ ತೆಗೆದ ಚಿತ್ರ. ಅದರೊಳಗೆ ನಲವತ್ತಾರು ಕ್ರೋಮೋಸೋಮುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ, ಮೈತುಂಬ ಕಪ್ಪು ಬಿಳಿ ಅಡ್ಡಪಟ್ಟಿ. ಪಾಠಪುಸ್ತಕದಲ್ಲಿ ಅವಕ್ಕೆ ವರ್ಣತಂತು ಎಂಬ ಚಂದದ ಹೆಸರಿದೆ, ಜೈನಬಮ್ಮ 'ತುಂಡು' ಎನ್ನುತ್ತಾರೆ. ಪ್ರತಿಯೊಂದನ್ನೂ ಅಂಚು ತಾಗದಂತೆ ಕತ್ತರಿಸಬೇಕು. ಪಟ್ಟಿ ನೋಡಿ ಜೋಡಿ ಹೊಂದಿಸಬೇಕು. ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಹಾಳೆಯ ಮೇಲೆ ಅಂಟಿಸಬೇಕು. ದಿನಕ್ಕೆ ಎರಡು ಫೋಟೋ, ಅಂದರೆ ತೊಂಬತ್ತೆರಡು ತುಂಡು. ಒಬ್ಬ ರೋಗಿಗೆ ಐದು ಫೋಟೋ, ಒಂದು ಕವರು. ಏಳು ವರ್ಷಗಳಲ್ಲಿ ಎಷ್ಟು ಕವರು ಬಂದಿರಬಹುದೆಂದು ಕೇಳಿದರೆ, ಐನೂರರವರೆಗೆ ಲೆಕ್ಕ ಇಟ್ಟಿದ್ದೆ, ಮತ್ತೆ ಬಿಟ್ಟೆ ಎನ್ನುತ್ತಾರೆ.

ಇಷ್ಟೆಲ್ಲ ಏಕೆ? ಕೆಲವು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಈ ತುಂಡುಗಳು ಮುರಿದು ಅದಲುಬದಲಾಗುತ್ತವೆ. ಜೈನಬಮ್ಮ ಅದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. "ಇಪ್ಪತ್ತೆರಡನೇದರ ಬಾಲ ಹೋಗಿ ಒಂಬತ್ತನೇದರ ಬಾಲಕ್ಕೆ ಅಂಟಿಕೊಂಡಿರ್ತದೆ. ಇದು ಗಿಡ್ಡ ಆಗ್ತದೆ, ಅದು ಉದ್ದ ಆಗ್ತದೆ. ಅಷ್ಟೇ. ಅಷ್ಟಕ್ಕೇ ಮನುಷ್ಯ ಹೋಗುದು."

ಇದನ್ನು ಹೇಳುವಾಗ ಅವರು ತಲೆ ಎತ್ತುವುದಿಲ್ಲ. ಅವರ ಗಂಡ ಪೋಕರ್ ಹೋದದ್ದು ಈ ಕಾಯಿಲೆಯಲ್ಲೇ.

ಈಶ್ವರಮಂಗಲದಲ್ಲಿ ಹುಟ್ಟಿ, ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆ ಕಲಿತು, ಬ್ಯಾರಿ, ತುಳು, ಮಲಯಾಳಂ, ಕನ್ನಡ ನಾಲ್ಕರಲ್ಲೂ ಜಗಳವಾಡಬಲ್ಲ ಹೆಂಗಸು ಜೈನಬಮ್ಮ. ಮದುವೆಯಾಗಿ ಪುತ್ತೂರಿಗೆ ಬಂದರು. ಪೋಕರ್ ಮರದ ಡಿಪೋದಲ್ಲಿ ಲೋಡು ಹತ್ತಿಸುತ್ತಿದ್ದರು. ೧೯೭೯ರಲ್ಲಿ ಅವರನ್ನು ನಗರದ ಆಸ್ಪತ್ರೆಗೆ ಸೇರಿಸಿದಾಗ ಜೈನಬಮ್ಮ ನಾಲ್ಕು ವಾರ ಅಲ್ಲಿಯ ವರಾಂಡದಲ್ಲಿ ಕಳೆದರು. ಆ ವರಾಂಡದ ಕೊನೆಯ ಬೆಂಚಿನಲ್ಲಿ ಕೂತು, ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವನೊಬ್ಬ ದಿನವೂ ಫೋಟೋ ಕತ್ತರಿಸುತ್ತಿದ್ದ. ಮೂರು ದಿನ ನೋಡಿದರು. ನಾಲ್ಕನೇ ದಿನ ತಡೆಯಲಾಗಲಿಲ್ಲ.

"ಕತ್ತರಿ ತಿರುಗಿಸ್ತಿದ್ದ. ಕತ್ತರಿ ತಿರುಗಿಸುದಲ್ಲ, ಎಲೆ ತಿರುಗಿಸುದು. ಬೀಡಿ ಕಟ್ಟುವ ಯಾವ ಹೆಣ್ಣಿಗಾದ್ರೂ ಗೊತ್ತುಂಟು. ಕೊಡು ಇಲ್ಲಿ ಅಂತ ತಕ್ಕೊಂಡೆ."

ಅಂಚು ಎಲ್ಲೂ ಕಡಿಯದೆ ನಲವತ್ತಾರು ತುಂಡು ಮೇಜಿನ ಮೇಲೆ ಬಿದ್ದದ್ದನ್ನು ಅಲ್ಲಿಯ ದೊಡ್ಡ ಡಾಕ್ಟರು ನೋಡಿದರು. ಪೋಕರ್ ತೀರಿಕೊಂಡ ಮೂರನೇ ತಿಂಗಳಿಗೆ ಪುತ್ತೂರಿಗೆ ಮೊದಲ ಕವರು ಬಂತು. ಬೀಡಿಯ ಗುತ್ತಿಗೆದಾರ ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ವಾಪಸು ಪಡೆಯುತ್ತಾನಲ್ಲ, ಅದೇ ಪದ್ಧತಿ. ಕವರಿನಲ್ಲಿ ಫೋಟೋ ಬರುತ್ತದೆ, ಕತ್ತರಿಸಿ ಅಂಟಿಸಿದ ಹಾಳೆ ಹೋಗುತ್ತದೆ. ಕೆಲಸದ ಹೆಸರು ಇಲ್ಲ, ಹಾಜರಿ ಪುಸ್ತಕ ಇಲ್ಲ. ಕೂಲಿ ಬೀಡಿಗಿಂತ ಸ್ವಲ್ಪ ಮೇಲು, ಅಷ್ಟೇ. ಗಂಡನ ರಕ್ತದ ಫೋಟೋವನ್ನೂ ಇವರೇ ಕತ್ತರಿಸಿದ್ದಾರೆಯೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಹೇಳಿದರು. "ಅವ್ರದ್ದು ನಾನು ಬರುವ ಮೊದಲೇ ಆಗಿತ್ತು. ಒಳ್ಳೇದಾಯ್ತು. ಆ ಹುಡ್ಗ ಬಾಲ ಕಡಿದಿರ್ತಾನೆ, ಬಿಡಿ."

ಆಸ್ಪತ್ರೆಯ ಹೆಸರು ಬರೆಯಬೇಡಿ ಎಂದು ಜೈನಬಮ್ಮ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ದೊಡ್ಡ ಡಾಕ್ಟರ ಹೆಸರು ಬರೆಯದಿರುವುದು ನನ್ನದೇ ತೀರ್ಮಾನ. ಅವರ ಹೆಸರು ಸಾಕಷ್ಟು ಕಡೆ ಅಚ್ಚಾಗಿದೆ, ಈ ಪುರವಣಿಯಲ್ಲೂ ಆಗಬೇಕಾದ ಅಗತ್ಯ ಕಾಣಲಿಲ್ಲ.

ಈ ಕೆಲಸದ ಇನ್ನೊಂದು ತುದಿಯಲ್ಲಿ ಇರುವವರು ಶುಕೂರ್. ಪುತ್ತೂರಿನಿಂದ ನಗರಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ಸುಳ್ಯದ ಬಸ್ಸಿನಲ್ಲೂ ಕಡಬದ ಬಸ್ಸಿನಲ್ಲೂ ಬರುವ ರಕ್ತದ ಬಾಟಲಿಗಳನ್ನು ಪುತ್ತೂರು ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸುವವರು ಅವರು, ಅಲ್ಲಿಂದ ಜೈನಬಮ್ಮನ ಕವರು ತರುವವರೂ ಅವರೇ. ಈ ರಕ್ತ ಜೀವಂತವಾಗಿ ಮುಟ್ಟಬೇಕು. ಬಿಸಿಲು ತಾಗಬಾರದು, ಮಂಜುಗಡ್ಡೆಯೂ ತಾಗಬಾರದು. ಹಾಗಾಗಿ ಒದ್ದೆ ಬೈರಾಸು ಬಟ್ಟೆಯಲ್ಲಿ ಸುತ್ತಿ ಸೀಟಿನ ಅಡಿಯಲ್ಲಿ ಇಡುವುದು ರೂಢಿ.

ಇನ್ನು ಹೇಳಬೇಕಾದದ್ದು ೧೯೮೪ರ ಜುಲೈ ತಿಂಗಳಿನ ಮಾತು. ಹೇಳುವಾಗ ಜೈನಬಮ್ಮ ಕತ್ತರಿ ಕೆಳಗಿಟ್ಟರು. ನಾನು ಕಂಡ ನಾಲ್ಕು ಬೆಳಗುಗಳಲ್ಲಿ ಕೆಲಸದ ಹೊತ್ತಿನಲ್ಲಿ ಮಾತಿಗಾಗಿ ಅವರು ಕತ್ತರಿ ಕೆಳಗಿಟ್ಟದ್ದು ಅದೊಂದೇ ಸಲ.

ಆಗೆಲ್ಲ ಕವರಿನ ಮೇಲೆ ನಂಬರು, ವಯಸ್ಸು ಮತ್ತು ಒಂದು ಇಂಗ್ಲಿಷ್ ಅಕ್ಷರ ಇರುತ್ತಿತ್ತು. ಎಂ ಎಂದರೆ ಗಂಡಸು, ಎಫ್ ಎಂದರೆ ಹೆಂಗಸು ಎಂಬುದನ್ನು ಜೈನಬಮ್ಮ ಮೊದಲ ವಾರದಲ್ಲೇ ಕಲಿತಿದ್ದರು. ಹೆಂಗಸಿನ ಹಾಳೆಯಲ್ಲಿ ಇಪ್ಪತ್ತಮೂರು ಜೋಡಿಯೂ ಸರಿ ಹೊಂದುತ್ತದೆ. ಗಂಡಸಿನ ಹಾಳೆಯಲ್ಲಿ ಕೊನೆಗೆ ಎರಡು ತುಂಡು ಜೋಡಿ ಇಲ್ಲದೆ ಉಳಿಯುತ್ತವೆ, ಒಂದು ದೊಡ್ಡದು, ಒಂದು ಪುಟ್ಟದು. "ಅದು ಜೋಡಿ ಅಂತ ಬಾಯಿಮಾತಿಗೆ ಹೇಳುದು. ಮುಖಕ್ಕೆ ಮುಖ ಕೂಡುದಿಲ್ಲ."

ಆ ವಾರ ಎರಡು ಕವರು ಬಂದವು. ಒಂದರ ಮೇಲೆ ಎಫ್, ಮೂವತ್ತೊಂದು ವರ್ಷ. ಇನ್ನೊಂದರ ಮೇಲೆ ಎಂ, ಐವತ್ತೆರಡು. ಹೆಂಗಸಿನ ಕವರಿನ ಫೋಟೋಗಳಲ್ಲಿ ಬಾಲ ಕಡಿದ ಇಪ್ಪತ್ತೆರಡನೆಯದು ಸ್ಪಷ್ಟವಾಗಿ ಕಂಡಿತು. ಪಾಪ, ಎಳೆ ಪ್ರಾಯ ಎಂದುಕೊಂಡು ಜೋಡಿಸುತ್ತಾ ಹೋದರು. ಕೊನೆಗೆ ಎರಡು ತುಂಡು ಉಳಿಯಿತು. ಒಂದು ದೊಡ್ಡದು, ಒಂದು ಪುಟ್ಟದು.

"ನನ್ನದೇ ತಪ್ಪು ಅಂತ ಎಣಿಸಿದೆ. ಐದು ಫೋಟೋವನ್ನೂ ನೋಡಿದೆ. ಐದರಲ್ಲೂ ಹಾಗೇ. ಮತ್ತೆ ಆ ಗಂಡಸಿನ ಕವರ್ ಬಿಚ್ಚಿದೆ. ಅದರಲ್ಲಿ ಎಲ್ಲ ಸರಿ ಉಂಟು, ಯಾವ ಬಾಲವೂ ಹೋಗಿಲ್ಲ. ಆದ್ರೆ ಕೊನೆಗೆ ಉಳಿಯುದೇ ಇಲ್ಲ, ಎಲ್ಲ ಜೋಡಿ. ಗಂಡಸಿಗೆ ಹಾಗೆ ಆಗ್ಲಿಕ್ಕೆ ಸಾಧ್ಯ ಉಂಟಾ ಮಾರಾಯ್ರೆ?"

ರಕ್ತ ಅದಲುಬದಲಾಗಿತ್ತು. ಕ್ಯಾನ್ಸರ್ ಇದ್ದದ್ದು ಗಂಡಸಿಗೆ, ಇದೆ ಎಂದು ಬರೆದದ್ದು ಹೆಂಗಸಿಗೆ. ವರದಿಯಂತೂ ಆಗಲೇ ಹೋಗಿಯಾಗಿತ್ತು. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಮುರಿದ ತುಂಡು ಕಂಡ ಕೂಡಲೇ ವರದಿ ಬರೆಯುತ್ತಾರೆ, ಕಾಣದಿದ್ದರೆ ಇಲ್ಲವೆಂದು ಬರೆಯುತ್ತಾರೆ. ಜೈನಬಮ್ಮನ ಹಾಳೆ ಬೇಕಾಗುವುದು ದಾಖಲೆಗೆ ಮತ್ತು ದೊಡ್ಡ ಡಾಕ್ಟರ ಭಾಷಣಗಳಿಗೆ. ನಲವತ್ತಾರನ್ನೂ ಒಂದೊಂದಾಗಿ ಮುಟ್ಟಿ ನೋಡುವವರು ಇಡೀ ವ್ಯವಸ್ಥೆಯಲ್ಲಿ ಒಬ್ಬರೇ, ಅವರು ಪುತ್ತೂರಿನಲ್ಲಿ ಚಾಪೆಯ ಮೇಲೆ ಕೂತಿದ್ದರು.

ಚೀಟಿ ಬರೆದರು. ಎರಡು ಕವರು ಅದಲುಬದಲಾಗಿದೆ, ದಯಮಾಡಿ ನೋಡಿ. ಉತ್ತರ ಇಲ್ಲ. ಹದಿನೈದು ದಿನ ಕಾದು ಇನ್ನೊಂದು ಬರೆದರು. ಅದಕ್ಕೆ ಉತ್ತರ ಬಂತು. ಆ ಕಾಗದವನ್ನು ಅವರು ನನಗೆ ತೋರಿಸಿದರು. ಒಂದೇ ಸಾಲು. 'ಕತ್ತರಿಸಿ ಅಂಟಿಸುವುದಷ್ಟೇ ನಿಮ್ಮ ಕೆಲಸ.' ಕೋಳಿಯ ಚೀಟಿ ಓದಿ ನಕ್ಕವರಿಗೆ ಈ ಚೀಟಿ ಓದಿ ನಗಲೂ ಪುರುಸೊತ್ತಿರಲಿಲ್ಲ.

ಹೆಸರು ಕವರಿನ ಮೇಲೆ ಇರುವುದಿಲ್ಲ. ಆದರೆ ಬಾಟಲಿ ಹೊತ್ತವರು ಯಾರೆಂದು ಗೊತ್ತಿತ್ತು. ಜೈನಬಮ್ಮ ಸ್ಟ್ಯಾಂಡಿಗೆ ಹೋಗಿ ಶುಕೂರ್ ಅವರನ್ನು ತಡೆದು ಕೇಳಿದರು. ಅವರು ಮೊದಲು ಏನೂ ಇಲ್ಲ ಎಂದರು, ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಮ್ಮ ಕಡೆ ಕಾಗದ ಅಂಟಿಸಲು ಯಾರೂ ಗೋಂದು ಹುಡುಕುವುದಿಲ್ಲ. ಎರಡು ಅಗುಳು ಅನ್ನ ತಿಕ್ಕಿದರೆ ಆಯಿತು. ಲಗ್ನಪತ್ರಿಕೆಯ ಕವರಿಗೂ ಅದೇ, ಶಾಲೆಯ ಪುಸ್ತಕದ ಬೈಂಡಿಗೂ ಅದೇ. ಬಾಟಲಿಯ ಮೇಲಿನ ಹೆಸರಿನ ಚೀಟಿಗಳನ್ನೂ ಆ ಎರಡು ಊರಿನ ಕಂಪೌಂಡರುಗಳು ಹಾಗೇ ಅಂಟಿಸಿದ್ದರು. ಜುಲೈ ಮಳೆ, ಒದ್ದೆ ಬೈರಾಸು, ಬಸ್ಸಿನ ನೆಲದಲ್ಲಿ ಹರಿಯುವ ನೀರು. ದಾರಿಯಲ್ಲಿ ಬಿಚ್ಚಿ ನೋಡಿದಾಗ ಎರಡು ಚೀಟಿಯೂ ಕಳಚಿ ಬಿದ್ದಿದ್ದವು. ಶುಕೂರ್ ತಮ್ಮ ಬುತ್ತಿ ತೆರೆದು ಎರಡು ಅಗುಳು ತೆಗೆದು ಮತ್ತೆ ಅಂಟಿಸಿದರು.

"ಉದ್ದದ ಬಾಟ್ಲಿ ಕಡಬದ್ದು ಅಂತ ನೆನಪಿತ್ತು ನಂಗೆ. ಇಲ್ಲ, ನೆನಪಿತ್ತು ಅಂತ ಎಣಿಸಿದೆ," ಎಂದು ಶುಕೂರ್ ಹೇಳುತ್ತಾರೆ. "ಹೇಳಿದ್ರೆ ಕೆಲಸ ಹೋಗ್ತದೆ ಅಂತ ಹೆದರಿಕೆ. ಸುಳ್ಳು ಯಾಕೆ ಹೇಳ್ಬೇಕು? ಹೆದರಿಕೆಯೇ."

ಶುಕೂರ್ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಪ್ರಯತ್ನಪಟ್ಟೆ, ಆಗಲಿಲ್ಲ. ಜೀವ ಉಳಿಸುವ ಬಾಟಲಿಗೆ ಅಂಟುಪಟ್ಟಿ ಕಳಿಸಲಾಗದ ಆಸ್ಪತ್ರೆ, ಅದನ್ನು ಪುಕ್ಕಟೆ ಹೊತ್ತ ಕಂಡಕ್ಟರನ ಬುತ್ತಿಯ ಅನ್ನ. ತಪ್ಪು ಯಾರದೆಂದು ಓದುಗರೇ ಹೇಳಲಿ.

ಮರು ಭಾನುವಾರ ಇಬ್ಬರೂ ಕಡಬದ ಬಸ್ಸು ಹತ್ತಿದರು. ಕಡಬದ ಹತ್ತಿರದ ಪೆರಾಬೆಯ ಕಂಪೌಂಡರು ಮನೆ ತೋರಿಸಿದ. ಆ ಮನೆಯ ಸೀತು ಎಂಬ ಹೆಂಗಸಿಗೆ ಎರಡು ತಿಂಗಳ ಹಿಂದೆ ಸೊಂಟದಲ್ಲಿ ದೊಡ್ಡ ಕುರು ಎದ್ದು ಜ್ವರ ಬಂದಿತ್ತು. ಕೀವು ತುಂಬಿದಾಗ ರಕ್ತದಲ್ಲಿ ಬಿಳಿ ಕಣ ವಿಪರೀತ ಏರುತ್ತದೆ, ಅದನ್ನು ಕಂಡು ಅನುಮಾನಪಟ್ಟು ಪರೀಕ್ಷೆಗೆ ಕಳಿಸಿದ್ದರು. ಕುರು ಒಡೆದು ವಾಸಿಯಾಗಿತ್ತು. ಜ್ವರ ಬಿಟ್ಟಿತ್ತು. ಆದರೆ ವರದಿ ಬಂದಿತ್ತಲ್ಲ, ಐದು ವಾರದಿಂದ ಕ್ಯಾನ್ಸರಿನ ಮಾತ್ರೆ ನುಂಗುತ್ತಿದ್ದಳು. ಒಸಡಿನಲ್ಲಿ ರಕ್ತ, ಕೈಮೇಲೆ ನೀಲಿ ಕಲೆ. ಮನೆಯವರು ಅವಳ ಬಟ್ಟಲು ಬೇರೆ ಮಾಡಿದ್ದರು.

"ಅವಳು ಬೀಡಿ ಕಟ್ಟುವವಳೇ. ಮೊರ ಮೂಲೆಯಲ್ಲಿ ಕವುಚಿ ಹಾಕಿದ್ಳು. ಅದನ್ನು ನೋಡಿ ನಂಗೆ ತಡೀಲಿಕ್ಕೆ ಆಗ್ಲಿಲ್ಲ," ಎನ್ನುತ್ತಾರೆ ಜೈನಬಮ್ಮ. ಸೀತುವನ್ನು ಅಂದೇ ಪುತ್ತೂರಿಗೆ ಕರೆತಂದು ಪರಿಚಯದ ಒಬ್ಬ ಹಳೆಯ ಡಾಕ್ಟರಿಗೆ ತೋರಿಸಿದರು. ಆ ಡಾಕ್ಟರು ಪೂರ್ತಿ ಕೇಳಿಸಿಕೊಂಡರು, ಮಾತ್ರೆ ನಿಲ್ಲಿಸಿದರು, ಹೊಸದಾಗಿ ರಕ್ತ ತೆಗೆದು ಕಳಿಸಿದರು. ಏನೂ ಇಲ್ಲವೆಂದು ವರದಿ ಬಂತು. ಸೀತು ಈಗಲೂ ಬೀಡಿ ಕಟ್ಟುತ್ತಾಳೆ. ನಾನು ಮಾತಾಡಿಸಿದಾಗ ಹೇಳಿದ್ದು ಇಷ್ಟೇ. "ಆ ಬಟ್ಟಲು ನಾನು ಬಾವಿಗೆ ಬಿಸಾಡಿದ್ದೇನೆ."

ಇದು ಇಲ್ಲಿಗೇ ಮುಗಿದಿದ್ದರೆ ಎಷ್ಟು ಚಂದದ ಲೇಖನವಾಗುತ್ತಿತ್ತು! ಆದರೆ ಇನ್ನೊಂದು ಬಾಟಲಿ ಇತ್ತು.

ಆ ಬಾಟಲಿ ಸುಳ್ಯದ ಕಡೆಯ ಕೊಲ್ಲಮೊಗ್ರಿನ ದುಗ್ಗಪ್ಪ ಎಂಬವರದು. ಕಾಡಿನ ಅಂಚಿನಲ್ಲಿ ಮರ ಕೊಯ್ಯುವ ಕೆಲಸ. ಜೈನಬಮ್ಮ ಮತ್ತು ಶುಕೂರ್ ಹೋದಾಗ ದುಗ್ಗಪ್ಪ ಗರಗಸಕ್ಕೆ ಅರ ಹಾಕುತ್ತಿದ್ದರು. ಹೊಟ್ಟೆಯ ಎಡಬದಿ ಉಬ್ಬಿತ್ತು, ವಾಯು ಎಂದರು. ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿದರು. ಜೈನಬಮ್ಮ ಹೇಳಿದ್ದನ್ನೆಲ್ಲ ಕೇಳಿದರು. ಒಳಗೆ ಹೋಗಿ ಪೆಟ್ಟಿಗೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ವರದಿ ತಂದು ತೋರಿಸಿದರು.

"ಇಲ್ಲಿ ಸೀಲ್ ಉಂಟು ನೋಡಿ ಅಂದ್ರು. ಡಾಕ್ಟ್ರ ದಸ್ಕತ್ತು ಉಂಟು. ನಿಮ್ಮ ಹತ್ರ ಎಂತ ಉಂಟು ಅಂತ ಕೇಳಿದ್ರು. ಜೋರಲ್ಲಿ ಕೇಳಿದ್ದಲ್ಲ, ಸಣ್ಣ ಮಗುವಿಗೆ ಕೇಳಿದ ಹಾಗೆ ಕೇಳಿದ್ದು. ನನ್ನ ಹತ್ರ ಎಂತ ಉಂಟು? ಕತ್ತರಿ ಉಂಟು."

ಮೂರು ಸಲ ಹೋದರು. ಸೀತುವಿನ ಹೊಸ ವರದಿ ಬಂದ ಮೇಲೆ ಅದನ್ನೂ ಒಯ್ದು ತೋರಿಸಿದರು. ಅದು ಅವಳದ್ದು, ಇದು ನನ್ನದು ಎಂದರು ದುಗ್ಗಪ್ಪ. ಮೂರನೇ ಸಲ ಅವರ ಹೆಂಡತಿ ಚೆನ್ನು ಅಂಗಳದಲ್ಲೇ ತಡೆದು, ಸೌಖ್ಯ ಇರುವವರ ಮನೆಗೆ ಬಂದು ಯಾಕೆ ಅನಿಷ್ಟ ಹೇಳುತ್ತೀರಿ ಎಂದು ಬೈದು ಕಳಿಸಿದಳು. ಮರುವರ್ಷದ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ, ದುಗ್ಗಪ್ಪ ತೀರಿಕೊಂಡರು. ಕೊನೆಯ ವಾರ ಅವರನ್ನು ಸೇರಿಸಿದ್ದು ಅದೇ ನಗರದ ಅದೇ ಆಸ್ಪತ್ರೆಗೆ.

ಈ ಕಾಯಿಲೆಗೆ ಈಗಲೂ ಪೂರ್ತಿ ಮದ್ದಿಲ್ಲ ಎಂಬುದು ನನಗೆ ಗೊತ್ತು. ಆದರೆ ಆ ಮಾತ್ರೆ ಒಂದೆರಡು ವರ್ಷವನ್ನಾದರೂ ಕೊಡುತ್ತದೆ. ದುಗ್ಗಪ್ಪನಿಗೆ ಸಿಗಬೇಕಾದ ಮಾತ್ರೆ ಸೀತುವಿನ ಒಸಡಿನಲ್ಲಿ ರಕ್ತ ತರಿಸಿತು. ಚೆನ್ನು ಈಗ ಜೈನಬಮ್ಮನ ಮನೆಗೆ ಆಗಾಗ ಬರುತ್ತಾಳೆ.

ಆಸ್ಪತ್ರೆ ಏನು ಮಾಡಿತು? ಸೀತುವಿನ ಎರಡನೇ ವರದಿ ಹೊರಬಿದ್ದಾಗ ವಿಷಯ ತಿಳಿಯಿತು. ಬಾಟಲಿಗೆ ಅಂಟುಪಟ್ಟಿ ಬಂತು, ಅಷ್ಟರಮಟ್ಟಿಗೆ ಒಳ್ಳೆಯದು. ಯಾರೂ ಕೊಲ್ಲಮೊಗ್ರಿಗೆ ಹೋಗಲಿಲ್ಲ, ಹೊಸ ಕಾಗದ ಕಳಿಸಲಿಲ್ಲ. ರೋಗಿಗಳ ಮನೆಗೆ ಹೋದದ್ದು ಗುಟ್ಟು ಬಯಲು ಮಾಡಿದ ಅಪರಾಧವೆಂದು ಜೈನಬಮ್ಮನಿಗೆ ಕವರು ಬರುವುದು ನಿಂತಿತು. ಏಳು ತಿಂಗಳು ನಿಂತಿತು. ಆಮೇಲೆ ದೊಡ್ಡ ಡಾಕ್ಟರಿಗೆ ಯಾವುದೋ ಸಮ್ಮೇಳನದಲ್ಲಿ ಚಿತ್ರ ತೋರಿಸಬೇಕಾಗಿ ಬಂತು. ಅಲ್ಲಿಯ ಹುಡುಗರು ಕತ್ತರಿಸಿದ ತುಂಡುಗಳಿಗೆ ಕಾಯಿಲೆ ಇಲ್ಲದಿದ್ದರೂ ಬಾಲ ಇರಲಿಲ್ಲ. ಶುಕೂರ್ ಕೈಯಲ್ಲಿ ಮತ್ತೆ ಕವರು ಬಂತು.

ಒಂದು ಬದಲಾವಣೆಯೊಂದಿಗೆ. ಈಗ ಕವರಿನ ಮೇಲೆ ನಂಬರು ಮಾತ್ರ ಇರುತ್ತದೆ. ವಯಸ್ಸಿಲ್ಲ, ಎಂ ಇಲ್ಲ, ಎಫ್ ಇಲ್ಲ. ಯಾವ ಒಂದು ಅಕ್ಷರ ನೋಡಿ ಈ ಹೆಂಗಸು ತಪ್ಪು ಹಿಡಿದರೋ ಆ ಅಕ್ಷರವನ್ನೇ ಅಳಿಸಿದ್ದಾರೆ. ಎಲೆಮರೆಯ ಕಾಯಿ ಎಂದು ನಾವು ಪತ್ರಿಕೆಯವರು ಇಂಥವರ ಬಗ್ಗೆ ಬರೆಯುತ್ತಲೇ ಇರುತ್ತೇವೆ. ಎಲೆಯನ್ನು ಅಡ್ಡ ಹಿಡಿದವರು ಯಾರು ಎಂದು ಬರೆಯುವುದಿಲ್ಲ.

ಜೈನಬಮ್ಮ ಸುಮ್ಮನೆ ಕೂತಿಲ್ಲ. ಪ್ರತಿ ಹಾಳೆ ಮುಗಿದ ಮೇಲೆ ಅದನ್ನು ತಿರುಗಿಸಿ, ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಗುಂಡಗಿನ ಅಕ್ಷರಗಳಲ್ಲಿ ಒಂದು ಪದ ಬರೆಯುತ್ತಾರೆ. ಗಂಡು. ಅಥವಾ ಹೆಣ್ಣು. ಎರಡು ವರ್ಷದಿಂದ ಹಾಗೆ ಮಾಡುತ್ತಿದ್ದಾರೆ.

"ಅವ್ರ ಹತ್ರ ಪುಸ್ತಕದಲ್ಲಿ ಎಲ್ಲ ಬರೆದಿರ್ತದಲ್ಲ. ಹಾಳೆ ಒಮ್ಮೆ ತಿರುಗಿಸಿ, ಪುಸ್ತಕ ನೋಡಿದ್ರೆ ಸಾಕು. ತಾಳೆ ಆಗದಿದ್ರೆ ಗೊತ್ತಾಗ್ತದೆ. ನಂಗೆ ಬೇರೆ ಎಂತ ಬೇಡ. ಹೆಸರು ಹಾಕುದು ಬೇಡ, ಸೀಲ್ ಬೇಡ. ತಿರುಗಿಸಿ ನೋಡಿದ್ರೆ ಸಾಕು."

ಮೊನ್ನೆ ಆ ಪ್ರಯೋಗಾಲಯಕ್ಕೆ ಹೋಗಿದ್ದೆ. ಸಹಾಯಕರು ಸಭ್ಯರು, ಕಾಫಿ ಕೊಟ್ಟರು. ಸಮ್ಮೇಳನದ ಪುಸ್ತಿಕೆ ತೋರಿಸಿದರು. ಕೊನೆಯ ಪುಟದಲ್ಲಿ ಫೋಟೋ ತೊಳೆದ ಸ್ಟುಡಿಯೋಗೂ ಕೃತಜ್ಞತೆ ಇದೆ, ಕತ್ತರಿಸಿದವರಿಗೆ ಇಲ್ಲ. ಹಾಳೆಗಳನ್ನು ನೋಡಬಹುದೇ ಎಂದು ಕೇಳಿದೆ. ಕಪಾಟಿನಿಂದ ದಪ್ಪ ಆಲ್ಬಮ್ಮುಗಳನ್ನು ತೆಗೆದರು. ಎಷ್ಟು ಅಚ್ಚುಕಟ್ಟು! ಒಂದೊಂದು ಹಾಳೆಯೂ ರಟ್ಟಿನ ಪುಟಕ್ಕೆ ನಾಲ್ಕು ಅಂಚಿಗೂ ಗೋಂದು ಹಾಕಿ ಅಂಟಿಸಿದ್ದು. ಉಗುರಿನಿಂದ ಒಂದು ಮೂಲೆ ಎಬ್ಬಿಸಲು ನೋಡಿದೆ. ಹರಿಯುತ್ತದೆ ಸಾರ್, ಬಂದ ದಿನವೇ ಅಂಟಿಸಿಬಿಡುತ್ತೇವೆ ಎಂದರು.

ಇದನ್ನು ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮರುದಿನ ಬೆಳಿಗ್ಗೆ ಮುಚ್ಚಿದ ಬಾಗಿಲು ತಟ್ಟಿ, ಚಾಪೆಯ ತುದಿಯಲ್ಲಿ ಕೂತು ಹೇಳಿಬಿಟ್ಟೆ. ಜೈನಬಮ್ಮ ಕೈಯಲ್ಲಿದ್ದ ತುಂಡನ್ನು ಅದರ ಜೋಡಿಯ ಪಕ್ಕ ಇಟ್ಟರು.

"ಎಲ್ಲ ಹಾಳೆಯಾ?"

ಎಲ್ಲ ಎಂದೆ.

ಜೈನಬಮ್ಮ ಮೊರ ಬದಿಗಿಟ್ಟು ಎದ್ದು, ಗೂಡಿನಲ್ಲಿದ್ದ ಶಾಯಿ ಪೆನ್ನು ತಂದು, ಬೆರಳಿಗೆ ಗೀಚಿ ನೋಡಿದರು.

"ಹಾಗಾದ್ರೆ ಇವತ್ತಿಂದ ಹಾಳೆಯ ಎದುರಿಗೇ ಬರೀತೇನೆ."

ಕವರು ಮತ್ತೆ ನಿಲ್ಲಿಸಿದರೆ ಎಂದು ಕೇಳಿದೆ.

"ನಿಲ್ಲಿಸ್ಲಿ. ಆದ್ರೆ ನಿಲ್ಲಿಸ್ಬೇಕಾದ್ರೆ ಅದನ್ನು ಒಮ್ಮೆ ಓದ್ಬೇಕಲ್ಲ."